ಹತ್ತಕ್ಕೆ ಐದು, ಮತ್ತು ಅಪ್ಪನ ಉಸಿರು

ಅಂಗಡಿಯಲ್ಲಿ ಉಳಿದಿದ್ದುದು ಒಂದೇ ಕುರ್ಚಿ. ಅದರ ಬೆನ್ನನ್ನು ಅವಳೂ ಹಿಡಿದಿದ್ದಳು, ಅವನೂ ಹಿಡಿದಿದ್ದನು.

"ನೀವು ಕೂತ್ಕೊಳ್ಳಿ," ಎಂದನು ಅವನು.

"ಬೇಡ, ಮೊದ್ಲು ಹಿಡ್ಕೊಂಡಿದ್ದು ನೀವು."

"ಇದರ ಒಂದು ಕಾಲು ಅಲ್ಲಾಡುತ್ತೆ. ಅದಕ್ಕೇ ಇಷ್ಟು ಧಾರಾಳವಾಗಿ ಬಿಟ್ಟುಕೊಡ್ತಿದೀನಿ."

ಅವಳಿಗೆ ಫಕ್ಕನೆ ನಗು ಬಂತು. ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಾಲ್ಕು ತಿಂಗಳಿನಿಂದ ಆ ಮುಖದಲ್ಲಿ ನಗು ಸುಳಿದಿರಲಿಲ್ಲ.

ಅದು ವಿಡಿಯೋ ಗೇಮ್ ಮಾರುವ ಸಣ್ಣ ಅಂಗಡಿ. ಪ್ರತಿವರ್ಷ ಹೊಸ ಬ್ಯಾಸ್ಕೆಟ್‌ಬಾಲ್ ಗೇಮ್ ಬಿಡುಗಡೆಯಾಗುವ ಹಿಂದಿನ ದಿನ ಅಭಿಮಾನಿಗಳೆಲ್ಲ ಅಲ್ಲಿ ಸೇರುತ್ತಿದ್ದರು. ವಿಮರ್ಶಕರ ಕೈಗೆ ಆಟ ಹತ್ತು ದಿನ ಮೊದಲೇ ಸಿಗುತ್ತದೆ. ಆದರೆ ಆ ದಿನ ಸಂಜೆ ನಾಲ್ಕು ಹೊಡೆಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ನಾಲ್ಕಾದೊಡನೆ ಎಲ್ಲ ಪತ್ರಿಕೆಗಳ ಅಂಕಗಳೂ ಒಟ್ಟಿಗೆ ಹೊರಬೀಳುತ್ತವೆ. ಅಲ್ಲಿಯವರೆಗೆ ಗೋಡೆಯ ಬೋರ್ಡಿನ ಮೇಲೆ ತಮ್ಮ ತಮ್ಮ ಊಹೆ ಬರೆದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಉಗುರು ಕಚ್ಚುತ್ತ ಕೂರುವುದು ಅವರ ರೂಢಿ.

ಅವಳು ಅಭಿಮಾನಿಯಲ್ಲ. ಆ ಗೇಮ್ ತಯಾರಿಸಿದ ಸ್ಟುಡಿಯೋದಲ್ಲಿ ಧ್ವನಿ ಸಂಕಲನ ಮಾಡುವವಳು. ಬೇಡದ ಸದ್ದನ್ನು ಕತ್ತರಿಸಿ ತೆಗೆಯುವುದೇ ಕೆಲಸವಾದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಯಾರಿಗೂ ಹೇಳದೆ ಬಂದಿದ್ದಳು. ಏಕೆಂದರೆ ಆ ಆಟದಲ್ಲಿ ಕಾಮೆಂಟರಿ ಹೇಳುವ ಧ್ವನಿ ಅವಳ ಅಪ್ಪನದು.

"ನೀವು ಬೋರ್ಡ್ ಮೇಲೆ ಎಷ್ಟು ಬರೆದ್ರಿ?" ಕುರ್ಚಿಯ ಪಕ್ಕ ನಿಂತವನನ್ನು ಕೇಳಿದಳು.

"ನಾನು ಬರೆಯಲ್ಲ. ಇವರ ಮುಖ ನೋಡೋಕೆ ಬರ್ತೀನಿ, ಪ್ರತಿ ವರ್ಷ."

"ಆಟದಲ್ಲಿ ನಿಮಗೇನಿಷ್ಟ?"

ಅವನು ಸ್ವಲ್ಪ ಯೋಚಿಸಿದನು. "ಕಾಮೆಂಟರಿ ಹೇಳೋ ಆ ಹಿರಿಯರು ಇದ್ದಾರಲ್ಲ… ಚಿಕ್ಕವನಿದ್ದಾಗ ಅವರನ್ನ ರೇಡಿಯೋದಲ್ಲಿ ಕೇಳಿ ಕೇಳಿ ನಾನು ಎಣಿಸೋದು ಕಲಿತಿದ್ದು. ಅದೂ ಹಿಂದ್ಹಿಂದಕ್ಕೆ, ಆಟದ ಕೊನೇ ಸೆಕೆಂಡುಗಳ ಹಾಗೆ. ಹತ್ತು, ಒಂಬತ್ತು, ಎಂಟು… ಶಾಲೇಲಿ ಮೇಷ್ಟ್ರು, ಇವನಿಗೆ ಎಲ್ಲಾ ತಲೆಕೆಳಗು ಅಂತಿದ್ರು."

ಅವಳ ಎದೆ ತುಂಬಿ ಬಂತು. 'ಅವರು ನಮ್ಮಪ್ಪ' ಎಂಬ ಮಾತು ತುಟಿಯವರೆಗೆ ಬಂದು ನಿಂತಿತು.

ಹೇಳುವಂತಿರಲಿಲ್ಲ. ಅಪ್ಪನೇ ಮಾತು ತೆಗೆದುಕೊಂಡಿದ್ದರು. "ನಾನು ಹೋದ್ರೆ ಸುದ್ದಿ ಮಾಡ್ಬೇಡಿ. ಆಟ ಬಂದು, ನಾಲ್ಕು ಜನ ಕೇಳಿ ಆಗ್ಲಿ. ಸತ್ತವನ ಧ್ವನಿ ಅಂತ ಕನಿಕರದಿಂದ ಕೇಳೋದು ನಂಗೆ ಬೇಡ." ಅದಾದ ಹನ್ನೊಂದನೆಯ ದಿನ ಭಗವಂತ ಅವರಿಗೆ ಎಣಿಸಿ ಕೊಟ್ಟ ಉಸಿರು ಮುಗಿಯಿತು.

"ನಾಲ್ಕು! ನಾಲ್ಕು ಹೊಡೀತು!" ಯಾರೋ ಕೂಗಿದರು.

ಅಭಿಮಾನಿಗಳ ಮುಂದಾಳು ತನ್ನ ಕುರ್ಚಿಯ ಮೇಲೇರಿ ನಿಂತನು. ಹಲ್ಲಿನ ಸೆಟ್ ಮಾಡುವುದು ಅವನ ಕಸುಬು. ಹೊಟ್ಟೆಗೆ ಬಿಗಿಯಾದ ಆಟಗಾರರ ಅಂಗಿ ತೊಟ್ಟುಕೊಂಡೇ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ಕ್ಯಾಪ್ಟನ್.

"ಒಂಬತ್ತು!" ಚಪ್ಪಾಳೆ.

"ಎಂಟೂವರೆ! ಎಂಟು! ಮತ್ತೊಂದು ಎಂಟು!" ಸಿಳ್ಳೆ.

"ಐ…" ಕ್ಯಾಪ್ಟನ್ ಮೊಬೈಲನ್ನು ಕಣ್ಣಿನ ಹತ್ತಿರ ತಂದನು. "ಐದಾ? ಹತ್ತಕ್ಕೆ ಐದು! ಯಾರಪ್ಪಾ ಈ ಪುಣ್ಯಾತ್ಮ?"

"ಓದು, ಓದು! ಏನ್ ಬರ್ದಿದ್ದಾನೆ ನೋಡೋಣ!"

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಓದಿದನು. "'ಕಾಮೆಂಟರಿ ಹೇಳುವ ಹಿರಿಯರ ಬಾಯಿಂದ ಮಾತು ಬರುತ್ತದೆ, ಉಸಿರು ಬರುವುದಿಲ್ಲ. ಗೋಡೆಗೆ ಅಂಟಿಸಿದ ಚೀಟಿಯನ್ನು ಓದಿದಂತಿದೆ. ಉಸಿರಾಡದ ಮನುಷ್ಯನೊಬ್ಬನನ್ನು ಅಂಗಳದ ಪಕ್ಕ ಕೂರಿಸಿದ್ದಾರೆ. ಇದಕ್ಕಿಂತ ಮೌನವೇ ಮೇಲಿತ್ತು.'"

ಅವಳಿಗೆ ತಾನು ಎದ್ದುನಿಂತದ್ದೇ ತಿಳಿಯಲಿಲ್ಲ. ಕಾಲು ಅಲ್ಲಾಡುವ ಕುರ್ಚಿ ಹಿಂದಕ್ಕೆ ಬಿತ್ತು.

"ಹೌದು, ಉಸಿರಾಡಲ್ಲ ಅವರು!" ಅವಳ ಧ್ವನಿ ಒಡೆಯಿತು. "ನಾಲ್ಕು ತಿಂಗಳಾಯ್ತು ಉಸಿರು ನಿಂತು! ಅವರು ನಮ್ಮಪ್ಪ… ಸಾಯೋ ಹನ್ನೆರಡು ದಿನ ಮುಂಚೆವರೆಗೂ ಮೈಕಿನ ಮುಂದೆ ಕೂತಿದ್ರು. ಅವರಿಗೆ ಮೌನ ಮೇಲಂತೆ! ಸಿಕ್ತಲ್ಲ ಮೌನ! ಸಾಕಾ?"

ಬೋರ್ಡಿನ ಬಳಿ ನಿಂತವನೊಬ್ಬ ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿದ್ದನು.

ಆಗ ಅವಳ ಪಕ್ಕದಲ್ಲಿದ್ದವನು ಬಗ್ಗಿ ಕುರ್ಚಿಯನ್ನೆತ್ತಿ ನಿಲ್ಲಿಸಿದನು. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅದನ್ನ ಬರೆದಿದ್ದು ನಾನು," ಎಂದನು.

ಅವಳು ತಿರುಗಿ ನೋಡಿದಳು. ಎಣಿಸುವುದನ್ನು ಕಲಿತವನು… ಇವನೇ?

"ಅವರು ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ. ದೇವರಾಣೆಗೂ…"

"ಗೊತ್ತಿದ್ರೆ ಎಷ್ಟು ಕೊಡ್ತಿದ್ರಿ? ಆರು?"

ಅವನು ಸುಳ್ಳು ಹೇಳಬಹುದಾಗಿತ್ತು. ಅಲ್ಲಿದ್ದವರೆಲ್ಲ ಅದಕ್ಕೇ ಕಾದಿದ್ದರು.

"ಐದೇ ಕೊಡ್ತಿದ್ದೆ," ಎಂದನು ಮೆಲ್ಲಗೆ. "ಆ ಮಾತುಗಳನ್ನ ಮಾತ್ರ ಹಾಗೆ ಬರೀತಿರ್ಲಿಲ್ಲ."

ಅಂಗಡಿಯವನು ಅವನ ತೋಳು ಹಿಡಿದು ಹೊರಗೆ ಕಳುಹಿಸದಿದ್ದರೆ ಆ ದಿನ ಏನಾಗುತ್ತಿತ್ತೋ!

* * *

ಮರುದಿನ ಬೆಳಗಾಗುವುದರೊಳಗೆ ಆ ದೃಶ್ಯವನ್ನು ಆಟ ಆಡುವವರೆಲ್ಲ ನೋಡಿಯಾಗಿತ್ತು.

ವಿಮರ್ಶಕನಿಗೆ ಹೊಸ ಹೆಸರು ಬಂತು: ಐದಂಕ. ಅವನ ಪತ್ರಿಕೆಯ ಪುಟದಲ್ಲಿ ಮೂರು ಸಾವಿರ ಬೈಗುಳಗಳು ಬಿದ್ದವು. 'ಇವನಿಗೆ ಕಿವಿ ಇದೆಯೋ, ಬರೀ ಕಿವಿಯ ಆಕಾರ ಇದೆಯೋ?' ಎಂದೊಬ್ಬ. 'ಸತ್ತವರಿಗೇ ಅಂಕ ಕಳೆಯುವವನು ಬದುಕಿದ್ದವರನ್ನು ಬಿಟ್ಟಾನೆಯೇ?' ಎಂದು ಇನ್ನೊಬ್ಬಳು. ಯಾರೋ ಅವನ ತಾಯಿಯ ಹೊಲಿಗೆ ಅಂಗಡಿಯ ಫೋನ್ ನಂಬರನ್ನೂ ಹುಡುಕಿ ತೆಗೆದರು.

ಅವಳ ಮೊಬೈಲಿಗೆ ಕ್ಯಾಪ್ಟನ್‌ನ ಸಂದೇಶ ಬಂತು. 'ತಂಗೀ, ನೀವು ಅಳಬೇಡಿ. ನಿಮ್ಮಪ್ಪನಿಗೆ ನ್ಯಾಯ ಸಿಗೋವರೆಗೂ ಆ ಐದಂಕನನ್ನ ನಾವು ಬಿಡಲ್ಲ.'

ಅದನ್ನು ಓದಿ ಅವಳಿಗೆ ಸಮಾಧಾನವಾಗಬೇಕಿತ್ತು… ಆಗಲಿಲ್ಲ. ಅಪ್ಪ ಬೇಡವೆಂದಿದ್ದ ಕನಿಕರವನ್ನು ತಾನೇ ಬೀದಿಯಲ್ಲಿ ಹಂಚಿಬಿಟ್ಟೆನಲ್ಲ!

ಸ್ಟುಡಿಯೋಗೆ ಹೋದರೆ ಅಲ್ಲಿ ಬೇರೊಂದು ಪೆಟ್ಟು ಕಾದಿತ್ತು. ಮುಖ್ಯಸ್ಥೆ ಅವಳನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದಳು.

"ಕತ್ತರಿ, ಕೂತ್ಕೋ. ಮನಸ್ಸಿಗೆ ಹಚ್ಕೋಬೇಡ. ಒಂಬತ್ತು ಕೊಟ್ಟವರೂ ಒಳಗೆ ಎಲ್ಲೋ, ಕಾಮೆಂಟರಿ ಸ್ವಲ್ಪ ಒಣಗಿದೆ ಅಂತ ಬರ್ದಿದ್ದಾರೆ. ಐದಂಕ ಗಟ್ಟಿಯಾಗಿ ಹೇಳಿದ, ಅಷ್ಟೆ."

"ಅಂದ್ರೆ?"

"ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ಹೊಸ ಧ್ವನಿ ಹಾಕ್ತೀವಿ. ಸೋಮವಾರ ಬಿಟ್ಟು ಮುಂದಿನ ಸೋಮವಾರದಿಂದ ರೆಕಾರ್ಡಿಂಗ್."

"ಅಪ್ಪನ ಧ್ವನಿ?"

ಮುಖ್ಯಸ್ಥೆ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿಂದಿತ್ತ ಇಟ್ಟಳು. "ಅಪ್‌ಡೇಟ್ ಆದ ಮೇಲೆ ಹಳೇದು ಯಾರ ಮನೇಲೂ ಉಳಿಯಲ್ಲ."

ಅವಳು ಹೊರಬಂದಳು. ದೇಹವನ್ನು ಒಮ್ಮೆ ಕಳೆದುಕೊಂಡಾಗಿತ್ತು. ಈಗ ಧ್ವನಿ! ಮನೆಮನೆಗಳಿಂದ, ಒಂದು ಬೆಳಗ್ಗೆ, ಸದ್ದಿಲ್ಲದೆ… ಅಪ್ಪ ಎರಡನೆಯ ಸಲ ಹೋಗುತ್ತಾರೆ.

'ಎಲ್ಲಾ ಅವನಿಂದ!' ಎಂದುಕೊಂಡಳು. ಹಾಗೆಂದುಕೊಂಡಾಗಲೆಲ್ಲ ಎದೆಯ ಮೂಲೆಯಲ್ಲಿ ಏನೋ ಒಂದು ಮುಳ್ಳಿನಂತೆ ಚುಚ್ಚುತ್ತಿತ್ತು. ಅದನ್ನು ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಐದನೆಯ ದಿನ ಸ್ಟುಡಿಯೋ ವಿಳಾಸಕ್ಕೆ ಒಂದು ಪುಟ್ಟ ಪೊಟ್ಟಣ ಬಂತು. ಕಳುಹಿಸಿದವನ ಹೆಸರು ನೋಡಿ ಅವಳು ಅದನ್ನು ಒಡೆಯದೆ ಚೀಲದ ತಳಕ್ಕೆ ತುರುಕಿದಳು. ಸಂಜೆ ಮನೆಯಲ್ಲಿ ಊಟದ ಡಬ್ಬಿ ತೆಗೆಯಲು ಹೋದ ಅಮ್ಮನ ಕೈಗೆ ಅದು ಸಿಕ್ಕಿತು. ಒಡೆದು ನೋಡಿದಳು.

"ಇದೇನೇ? ಕ್ಯಾಸೆಟ್ಟು! ಚೀಟಿ ಬೇರೆ ಇದೆ."

"ಎಸೆದ್ಬಿಡಮ್ಮ. ಆ ಮನುಷ್ಯ ಕಳ್ಸಿದ್ದು."

ಅಮ್ಮ ಎಸೆಯಲಿಲ್ಲ. ಕನ್ನಡಕ ಹಾಕಿಕೊಂಡು ಓದಿದಳು. "'ಹನ್ನೊಂದನೆಯ ವಯಸ್ಸಿನಲ್ಲಿ ರೇಡಿಯೋದಿಂದ ನಾನೇ ತುಂಬಿಸಿಕೊಂಡದ್ದು. ಬೇರೆ ಪ್ರತಿ ಇಲ್ಲ. ಕೊನೆಯ ಹತ್ತು ಸೆಕೆಂಡು ಕೇಳಿ. ಆಮೇಲೆ ನಿಮಗೆ ತೋಚಿದಷ್ಟು ಬೈಯಿರಿ.'"

ಕ್ಯಾಸೆಟ್ಟಿನ ಮೇಲೆ ಮಕ್ಕಳ ಕೈಬರಹದಲ್ಲಿ ಬರೆದಿತ್ತು: 'ಫೈನಲ್. ಯಾರೂ ಅಳಿಸಬಾರದು. ಅಮ್ಮ ಕೂಡ.'

ಅಮ್ಮ ಅಪ್ಪನ ಮೇಜಿನ ಮೇಲಿದ್ದ ಹಳೆಯ ಟೇಪ್‌ರೆಕಾರ್ಡರಿನ ಧೂಳನ್ನು ಸೆರಗಿನಿಂದ ಒರೆಸಿ ಕ್ಯಾಸೆಟ್ ಹಾಕಿದಳು. ಕರಕರ ಸದ್ದು… ಜನರ ಗದ್ದಲ… ಆಮೇಲೆ ನಲವತ್ತರ ಹರೆಯದ ಅಪ್ಪ.

"ನಾಲ್ಕು ಸೆಕೆಂಡು… ಒಂದೇ ಅಂಕ ಹಿಂದೆ… ಮೂರು… ಹಾರಿದ, ಚೆಂಡು ಕೈಬಿಟ್ಟಿತು…"

ತಟ್ಟನೆ ಮಾತು ನಿಂತಿತು. ಆ ಜಾಗದಲ್ಲಿ ಒಂದು ಉಸಿರು. ದೀರ್ಘವಾಗಿ, ಎದೆ ತುಂಬ ಒಳಕ್ಕೆ ಎಳೆದುಕೊಂಡ ಉಸಿರು. ಅಷ್ಟು ಹೊತ್ತೂ ಚೆಂಡು ಗಾಳಿಯಲ್ಲೇ ಇತ್ತು. ಕೇಳುತ್ತಿದ್ದ ತಾಯಿ ಮಗಳಿಬ್ಬರೂ ತಮಗರಿವಿಲ್ಲದೆ ಉಸಿರು ಹಿಡಿದರು.

"ಬಿತ್ತೂ!"

ಅಮ್ಮನ ಕಣ್ಣಿಂದ ನೀರು ಇಳಿಯಿತು, ಆದರೆ ಬಾಯಿ ನಗುತ್ತಿತ್ತು. "ಇದು… ಇದು ನಿಮ್ಮಪ್ಪ ಕಣೆ! ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಬಂದಾಗ್ಲೂ ಹೀಗೇ. ಒಂದ್ಸಲ ಉಸಿರೆಳ್ಕೊಂಡು, ನನ್ನ ಜೀವ ಬಾಯಿಗೆ ಬರ್ಸಿ, ಆಮೇಲೆ ಮಾತಾಡಿದ್ದು. ಆ ಆಟದೊಳಗೆ ಇರೋದು ಅವರಲ್ಲ. ನಂಗೆ ಮೊದಲ ದಿನವೇ ಅನ್ನಿಸ್ತು. ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ."

"ಅಮ್ಮಾ…"

"ಕನಿಕರ ಬೇಡ ಅಂದಿದ್ರಲ್ಲ ಅವರು. ಕನಿಕರ ಇಲ್ದೆ ಕೇಳಿದವನು ಇವನೊಬ್ಬನೇ."

ಅವಳು ನೆಲಕ್ಕೆ ಕುಸಿದು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಇಷ್ಟು ದಿನ ತಿರುಗಿ ನೋಡದ ಮುಳ್ಳು ಈಗ ಎದುರಿಗೇ ಬಂದು ನಿಂತಿತ್ತು.

"ನಾನೇ ತೆಗೆದೆ ಅಮ್ಮ… ಅಪ್ಪನ ಉಸಿರನ್ನ ನಾನೇ ತೆಗೆದೆ!"

ಅದು ನಿಜವಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಪ್ರತಿ ಮಾತಿನ ಮುಂದೆಯೂ ಉಸಿರು ಒಂದು ಸಣ್ಣ ಅಲೆಯಂತೆ ಕಾಣುತ್ತದೆ. ಅದನ್ನು ಸ್ವಲ್ಪ ತಗ್ಗಿಸುವುದು ಸಂಕಲನಕಾರರ ವಾಡಿಕೆ, ಪೂರ್ತಿ ಅಳಿಸುವುದಿಲ್ಲ. ಆದರೆ ಅಪ್ಪನ ಶ್ವಾಸಕೋಶ ಆಗಲೇ ಸೋತಿತ್ತು. ಪ್ರತಿ ಉಸಿರಿಗೂ ಒಂದು ಸೀಳು ಸೀಟಿ. ಅದು ಕೇಳಿದಾಗಲೆಲ್ಲ ಅವಳಿಗೆ ಆಸ್ಪತ್ರೆಯ ಹಾಸಿಗೆ, ಮೂಗಿನ ನಳಿಗೆ, ಕೊನೆಯ ಬೆಳಗು… ಸಹಿಸಲಾರದೆ ಒಂದನ್ನು ಅಳಿಸಿದಳು. ಆಮೇಲೆ ಇನ್ನೊಂದು. ಮೂರು ಸಾವಿರದ ಆರುನೂರು ಮಾತುಗಳಲ್ಲಿ ಒಂದು ಉಸಿರನ್ನೂ ಉಳಿಸಲಿಲ್ಲ. ಅಪ್ಪನಿಗೆ ಕಾಯಿಲೆಯೇ ಇರಲಿಲ್ಲ ಎನ್ನುವಂತೆ ಮಾಡಹೊರಟಿದ್ದಳು.

ಅಮ್ಮ ಅವಳ ತಲೆ ಸವರಿದಳು. ಕೊನೆಗೆ ಅಂದಳು: "ಕ್ಯಾಸೆಟ್ಟು ವಾಪಸ್ ಕೊಟ್ಟು ಬಾ. ಪಾಪ, ಅವರಮ್ಮ ಕೂಡ ಅಳಿಸಬಾರದು ಅಂತ ಬರ್ಕೊಂಡಿದ್ದಾನೆ."

* * *

ಪತ್ರಿಕೆಯ ಕಚೇರಿಯಲ್ಲಿ ಅವನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಅವನು ಒಂದು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದನು. ಅವಳನ್ನು ಕಂಡು ಕೈ ಅಲ್ಲೇ ನಿಂತಿತು.

"ಬೈಯೋಕೆ ಬಂದ್ರಾ? ಸ್ವಲ್ಪ ತಡ ಮಾಡಿದ್ರಿ. ಒಳ್ಳೊಳ್ಳೆ ಬೈಗುಳ ಎಲ್ಲಾ ಖರ್ಚಾಗಿ ಹೋಗಿದೆ."

ಅವಳಿಗೆ ನಗು ಬರಲಿಲ್ಲ. ಅವನ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. "ಪೆಟ್ಟಿಗೆ ಯಾಕೆ?"

"ನಾಳೆ ಸಂಜೆಯೊಳಗೆ ಐದನ್ನ ಏಳು ಮಾಡಿ, ಕ್ಷಮೆ ಕೇಳಿ ಬರೀಬೇಕಂತೆ. ಇಲ್ಲಾಂದ್ರೆ ಇನ್ಮೇಲೆ ವಿಮರ್ಶೆ ಬರೆಯೋ ಹಾಗಿಲ್ಲ ಅಂತ ಸಂಪಾದಕರು ಹೇಳಿದ್ದಾರೆ."

"ಮಾಡ್ಬಿಡಿ! ಎರಡು ಅಂಕ ತಾನೆ?"

"ನಿಮ್ಮ ದುಃಖಕ್ಕೆ ಎಷ್ಟು ಸಲ ಬೇಕಾದ್ರೂ ಕ್ಷಮೆ ಕೇಳ್ತೀನಿ. ಆದ್ರೆ ಬೈಗುಳಕ್ಕೆ ಹೆದರಿ ಐದು ಏಳಾದ್ರೆ, ನಾನು ಮನಸಾರೆ ಕೊಟ್ಟ ಒಂಬತ್ತಕ್ಕೂ ಬೆಲೆ ಇರಲ್ಲ." ಅವನು ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದನು. "ನಮ್ಮಮ್ಮನಿಗೆ ದಿನಕ್ಕೆ ನಲವತ್ತು ಫೋನು. ಮಗ ಏನು ಕೆಲಸ ಮಾಡ್ತಾನೆ ಅಂತ ಹತ್ತು ವರ್ಷದಿಂದ ಅವಳಿಗೆ ಅರ್ಥವಾಗಿರ್ಲಿಲ್ಲ. ಈಗ ಊರವರೇ ಬಿಡಿಸಿ ಹೇಳ್ತಿದ್ದಾರೆ."

"ನೀವು ಬರ್ದಿದ್ದು ಸರಿ," ಎಂದಳು ಅವಳು.

"ಏನು?"

"ಉಸಿರು ಇರ್ಲಿಲ್ಲ. ಯಾಕಂದ್ರೆ… ನಾನು ತೆಗೆದಿದ್ದೆ."

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಸೀಟಿಯಂಥ ಸದ್ದು, ಆಸ್ಪತ್ರೆ, ಮೂರು ಸಾವಿರದ ಆರುನೂರು ಮಾತು. ಅವಳು ಮುಗಿಸುವ ಹೊತ್ತಿಗೆ ಅವನು ಕುರ್ಚಿ ತಂದಿಟ್ಟಿದ್ದನು. ಅದು ಅಲ್ಲಾಡದಂತೆ ಕಾಲನ್ನೂ ಪರೀಕ್ಷಿಸಿದ್ದನು.

"ಮೂಲ ರೆಕಾರ್ಡಿಂಗ್ ಇದೆಯಾ?"

"ಇದೆ. ಆ ದಿನದಿಂದ ತೆರೆದಿಲ್ಲ. ನಾಳೆ ಅಂಗಡಿಗೆ ಹೋಗಿ ಎಲ್ಲರ ಮುಂದೆ ನಿಜ ಹೇಳ್ತೀನಿ."

"ಬೇಡ!" ಅವನು ಗಾಬರಿಯಾದನು. "ಅವರು ನಿಮ್ಮ ಮೇಲೆ ತಿರುಗ್ತಾರೆ. ನಂಗೆ ರೂಢಿಯಾಗಿದೆ. ನಿಮ್ಗೆ ಈಗ ಅದು ತಡೆಯಲ್ಲ."

ತನ್ನ ಕೆಲಸ ಹೋಗುತ್ತಿರುವಾಗಲೂ ಇವನಿಗೆ ನನ್ನ ಚಿಂತೆಯೇ? ಅವಳಿಗೆ ಆ ಕ್ಷಣ ಅಪ್ಪ ಹೋದ ಮೇಲೆ ಮೊದಲ ಬಾರಿಗೆ, ಬೆನ್ನ ಹಿಂದೆ ಒರಗಲು ಒಂದು ಗೋಡೆ ಇದೆ ಅನ್ನಿಸಿತು.

"ಸ್ಟುಡಿಯೋದವರು ಉಸಿರನ್ನೆಲ್ಲ ವಾಪಸ್ ಹಾಕೋಕೆ ಬಿಟ್ರೆ…" ಅವಳ ಧ್ವನಿ ತಗ್ಗಿತು. "ನಂಗೆ ಒಬ್ಬಳೇ ಕೇಳೋಕಾಗಲ್ಲ. ನೀವು ಬಂದು ಪಕ್ಕದಲ್ಲಿ ಕೂತ್ಕೋತೀರಾ?"

ಅವನು ಏನೋ ಹೇಳಹೊರಟು ನಿಲ್ಲಿಸಿದನು. ಕಿಟಕಿಯ ಕಡೆ ತಿರುಗಿದನು.

"ಇಲ್ಲ… ನಂಗೆ ಬರೋಕಾಗಲ್ಲ."

ಅಷ್ಟೇ. ಕಾರಣವಿಲ್ಲ, ಸಮಾಧಾನವಿಲ್ಲ. ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಹೊರಟಳು. 'ನನ್ನಿಂದ ಇಷ್ಟೆಲ್ಲ ಅನುಭವಿಸಿದವನು ಪಕ್ಕದಲ್ಲಿ ಬಂದು ಬೇರೆ ಕೂರಬೇಕೇ? ಎಷ್ಟು ಆಸೆ ನನಗೆ!' ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿ ಒಂದು ಮೆಟ್ಟಿಲು ತಪ್ಪಿತು.

* * *

ಮರುದಿನ ಅಂಗಡಿಯಲ್ಲಿ ಅವಳು ಎದ್ದುನಿಂತಾಗ ಕ್ಯಾಪ್ಟನ್ ಎಲ್ಲರನ್ನೂ ಸುಮ್ಮನಿರಿಸಿದನು. "ಶ್! ತಂಗಿ ಮಾತಾಡ್ತಾರೆ."

"ತಪ್ಪು ವಿಮರ್ಶಕರದ್ದಲ್ಲ, ನಂದು…" ಎಂದು ಶುರುಮಾಡಿ, ಒಂದನ್ನೂ ಬಚ್ಚಿಡದೆ ಹೇಳಿದಳು.

ಹಿಂದಿನಿಂದ ಒಬ್ಬ ಗೊಣಗಿದನು: "ಹಾಗಾದ್ರೆ ಐದು ಸರೀನಾ?"

"ಸ್ವಂತ ಅಪ್ಪನ ಉಸಿರನ್ನೇ ಅಳಿಸಿದ್ರಲ್ಲ, ಹೇಗ್ರೀ ಮನಸ್ಸು ಬಂತು?" ಎಂದಳು ಒಬ್ಬ ಹುಡುಗಿ. ಆ ಮಾತು ಚೂರಿಯಂತೆ ಇಳಿಯಿತು. ಅವಳು ತಲೆ ತಗ್ಗಿಸಿ ನಿಂತಳು. ಬೈಗುಳ ಎಂದರೆ ಏನೆಂದು ಈಗ ತಿಳಿಯಿತು. ಅವನು ಇಂಥದ್ದನ್ನು ಮೂರು ಸಾವಿರ ನುಂಗಿದ್ದ!

"ಏಯ್, ಸುಮ್ನಿರಮ್ಮ!" ಕ್ಯಾಪ್ಟನ್ ಗದರಿದನು. ಅವನ ದೊಡ್ಡ ಮುಖ ಕೆಂಪಾಗಿತ್ತು. "ಮನೇಲಿ ಸಾವು ನೋಡಿದವರಿಗೆ ಗೊತ್ತು ಅದು. ನಮ್ಮಕ್ಕ ಹೋದ್ಮೇಲೆ ಅವಳ ಕನ್ನಡಕಾನ ನಾನು ಎತ್ತಿ ಬಾವಿಗೆ ಎಸ್ದಿದ್ದೆ, ಕಣ್ಣಿಗೆ ಬೀಳಬಾರದು ಅಂತ. ಈಗ ಹುಡುಕಿದ್ರೆ ಸಿಗುತ್ತಾ?" ಅವಳ ಕಡೆ ತಿರುಗಿ ಕೇಳಿದನು: "ತಂಗೀ, ನಿಮ್ಮದು ಸಿಗುತ್ತಾ?"

"ಸಿಗುತ್ತೆ. ಆದ್ರೆ ಸ್ಟುಡಿಯೋದವರು ಧ್ವನಿನೇ ತೆಗೀತಿದ್ದಾರೆ."

"ತೆಗೀತಾರಾ? ಅದು ಹೇಗೆ ತೆಗೀತಾರೆ ನೋಡ್ತೀವಿ!"

ಐದಂಕನನ್ನು ಅಟ್ಟಾಡಿಸಿದ ಅದೇ ಜನ ಈಗ ಸ್ಟುಡಿಯೋ ಬೆನ್ನು ಹತ್ತಿದರು. 'ಹಿರಿಯರ ಉಸಿರು ಹಾಕಿ. ಧ್ವನಿ ಮುಟ್ಟಬೇಡಿ.' ಮೂರು ದಿನದಲ್ಲಿ ಮುಖ್ಯಸ್ಥೆ ಕೈಚೆಲ್ಲಿದಳು. "ಕತ್ತರಿ, ನೀನು ಮಾಡಿದ್ದು ತಪ್ಪು, ಹೇಳದೆ ಇದ್ದಿದ್ದು ಇನ್ನೂ ತಪ್ಪು. ಹತ್ತು ದಿನ ಕೊಡ್ತೀನಿ. ಒಂದೂ ಉಸಿರು ಬಿಟ್ಟುಹೋಗಬಾರದು!"

ಪಕ್ಕದ ಕುರ್ಚಿಯಲ್ಲಿ ಅಮ್ಮ ಬಂದು ಕುಳಿತಳು. ಬೆಳಗ್ಗೆ ಪ್ರಾರ್ಥನೆ ಮುಗಿಸಿ, ಡಬ್ಬಿ ಕಟ್ಟಿಕೊಂಡು, ಮಗಳ ಜೊತೆ ಸ್ಟುಡಿಯೋಗೆ ಹೊರಟುಬಿಡುತ್ತಿದ್ದಳು. ಮೊದಲ ದಿನ ಇಬ್ಬರೂ ಅತ್ತರು. ಎರಡನೆಯ ದಿನ ಸ್ವಲ್ಪ ಕಡಿಮೆ. ಐದನೆಯ ದಿನದ ಹೊತ್ತಿಗೆ ಅಮ್ಮ, "ನೋಡು, ಇದು ಬೆಳಗಿನ ಉಸಿರು. ಮಾತ್ರೆ ತಗೊಂಡ ಮೇಲಿಂದು," ಎಂದು ಗುರುತು ಹಿಡಿಯುತ್ತಿದ್ದಳು.

ಅವನಿಂದ ಒಂದು ಫೋನೂ ಇಲ್ಲ. ಅವಳೇ ಎರಡು ಬಾರಿ ಮಾಡಿದಳು, ಅವನು ಎತ್ತಲಿಲ್ಲ. ಸಂಪಾದಕರು ತಮ್ಮ ಮಾತು ಹಿಂತೆಗೆದುಕೊಂಡರೆಂದೂ, ಐದು ಐದಾಗಿಯೇ ಉಳಿಯಿತೆಂದೂ ಕ್ಯಾಪ್ಟನ್‌ನಿಂದ ತಿಳಿಯಿತು. ಬದುಕಿಕೊಂಡ, ಸಾಕು… ಹಾಗೆಂದುಕೊಂಡರೂ ಬಾಗಿಲು ಸದ್ದಾದಾಗಲೆಲ್ಲ ಅವಳ ಕತ್ತು ಹೊರಳುತ್ತಿತ್ತು. ಅಮ್ಮ ನೋಡಿಯೂ ನೋಡದಂತೆ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು.

ಒಂಬತ್ತನೆಯ ದಿನ, ಕೊನೆಯ ಧ್ವನಿಕಡತ. ಹಿಂದೆ ಅವಳು ಮಾತನ್ನು ಮಾತ್ರ ಕತ್ತರಿಸಿಕೊಂಡು ಉಳಿದುದನ್ನು ಕೇಳಿಯೇ ಇರಲಿಲ್ಲ. ಈಗ ಪೂರ್ತಿ ಓಡಲು ಬಿಟ್ಟಳು. ಅಪ್ಪ ಅರ್ಧ ಮಾತಿಗೆ ನಿಲ್ಲಿಸಿದರು. ಕೆಮ್ಮು. ಸೀಟಿಯಂಥ ಉಸಿರು. ಆಮೇಲೆ, ಗಾಜಿನಾಚೆ ನಿಂತಿದ್ದ ಮಗಳಿಗೆಂದು ಹೇಳಿದ, ಅಂದು ಗಾಬರಿಯಲ್ಲಿ ಅವಳ ಕಿವಿಗೆ ಬೀಳದೆ ಹೋದ ಮಾತು:

"ಇರು ಮರೀ… ಸ್ವಲ್ಪ ಉಸಿರು ತಗೋತೀನಿ. ಅವಸರ ಏನಿದೆ? ಚೆಂಡು ಗಾಳೀಲೇ ಇರುತ್ತೆ."

ಅಮ್ಮ ಕೈ ಮುಗಿದಳು. ಮಗಳು ಪರದೆಯ ಮೇಲಿನ ಆ ಪುಟ್ಟ ಅಲೆಯನ್ನು ಬೆರಳಿನಿಂದ ಮುಟ್ಟಿದಳು. ಅದನ್ನು ಆಟದೊಳಗೆ ಸೇರಿಸಲಿಲ್ಲ. ಅದೊಂದು ಮನೆಗೆ.

* * *

ಅಪ್‌ಡೇಟ್‌ನ ವಿಮರ್ಶೆಗಳು ಹೊರಬೀಳುವ ದಿನ ಅಂಗಡಿ ಮತ್ತೆ ತುಂಬಿತ್ತು. ಕಾಲು ಅಲ್ಲಾಡುವ ಕುರ್ಚಿ ಖಾಲಿ ಇತ್ತು. ಅವಳು ಅದರಲ್ಲಿ ಕೂರದೆ ಪಕ್ಕದಲ್ಲಿ ನಿಂತಳು. ಅವನು ಪ್ರತಿ ವರ್ಷ ಮುಖ ನೋಡಲು ಬರುವವನು… ಇಂದು ಬರಲಿಲ್ಲ.

ನಾಲ್ಕು ಹೊಡೆಯಿತು. ಕ್ಯಾಪ್ಟನ್ ತನ್ನ ಕುರ್ಚಿ ಹತ್ತಿದನು.

"ಒಂಬತ್ತು! ಎಂಟೂವರೆ! ಈಗ… ಐದಂಕನ ಪತ್ರಿಕೆ!" ಕ್ಯಾಪ್ಟನ್ ಬೆರಳಿನಿಂದ ಪುಟ ಸರಿಸಿದನು. "ಎಂಟು! ಆದ್ರೆ ಬರ್ದಿರೋದು ಬೇರೆ ಯಾರೋ. ಕೆಳಗೆ ಸಣ್ಣಕ್ಷರದಲ್ಲಿ ಏನೋ ಇದೆ, ಇರಿ. 'ಈ ಆಟವನ್ನು ಮೊದಲು ವಿಮರ್ಶಿಸಿದವರು ಈ ಬಾರಿ ಹಿಂದೆ ಸರಿದಿದ್ದಾರೆ. ತಮ್ಮವರ ಕೆಲಸಕ್ಕೆ ಅಂಕ ಕೊಡಬಾರದೆಂಬುದೂ, ವಿಮರ್ಶೆಯ ಅವಧಿಯಲ್ಲಿ ನಮ್ಮ ಯಾವ ಬರಹಗಾರರೂ ತಯಾರಕರೊಡನೆ ಒಡನಾಡಬಾರದೆಂಬುದೂ ನಮ್ಮ ಪತ್ರಿಕೆಯ ನಿಯಮ. ಅವರು ಕೊಟ್ಟ ಕಾರಣ…'"

ಕ್ಯಾಪ್ಟನ್ ನಿಲ್ಲಿಸಿದನು. ಅವಳನ್ನು ನೋಡಿದನು. ಮತ್ತೆ ಮೊಬೈಲ್ ನೋಡಿದನು.

"ಓದಣ್ಣಾ!"

"'…ಧ್ವನಿ ಸಂಕಲನ ಮಾಡಿದವರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಾಗಿ ಉಳಿದಿಲ್ಲ. ಇನ್ನು ಮುಂದೆಯೂ ಉಳಿಯಲಾರೆ.'"

ಎಲ್ಲರ ತಲೆ ಅವಳ ಕಡೆ ತಿರುಗಿತು.

"ಇದೇನ್ರೀ ಇದು!" ಕ್ಯಾಪ್ಟನ್ ಕೂಗಿದನು. "ವಿಮರ್ಶೇನೋ ಲಗ್ನಪತ್ರಿಕೇನೋ?"

ನಗೆಯ ಅಲೆ ಎದ್ದಿತು. ಅವಳಿಗೆ ಏನೂ ಕೇಳಲಿಲ್ಲ. ಬರೋಕಾಗಲ್ಲ ಅಂದದ್ದು ಇದಕ್ಕಾ? ಫೋನ್ ಎತ್ತದೆ ಇದ್ದದ್ದು… ಇದಕ್ಕಾ? ಬಾಗಿಲು ತಳ್ಳಿಕೊಂಡು ಓಡಿದಳು.

ಅವನು ಅಂಗಡಿಯ ಮೆಟ್ಟಿಲ ಮೇಲೇ ಕುಳಿತಿದ್ದನು. ಒಳಗೆ ಬರುವ ಧೈರ್ಯ ಸಾಲದೆ ಹೊರಗಿನ ಗಾಜಿನಿಂದಲೇ ಮುಖಗಳನ್ನು ನೋಡುತ್ತಿದ್ದವನು, ಅವಳು ಬಂದದ್ದನ್ನು ಕಂಡು ಎದ್ದುನಿಂತನು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಅವಳು ಅಳುತ್ತಲೇ ಗದರಿದಳು. "ಆ ಹತ್ತು ದಿನ ನಾನು ಏನೇನು ಅಂದ್ಕೊಂಡೆ ಗೊತ್ತಾ?"

"ಹೇಳೋ ಹಾಗಿರ್ಲಿಲ್ಲ. ನಾಲ್ಕು ಗಂಟೆವರೆಗೆ ಬಾಯಿ ಬಿಡೋ ಹಾಗಿಲ್ಲ ಅಂತ ನಿಯಮ."

"ಸುಡ್ಲಿ ನಿಮ್ಮ ನಿಯಮ!"

"ಈಗ ನಾಲ್ಕು ಗಂಟೆ ಮೂರು ನಿಮಿಷ." ಅವನು ಗಡಿಯಾರ ತೋರಿಸಿದನು. "ಇನ್ಮೇಲೆ ನಿಮ್ಮ ಯಾವ ಆಟಕ್ಕೂ ನಾನು ಅಂಕ ಕೊಡೋ ಹಾಗಿಲ್ಲ. ಜೀವಮಾನ ಪೂರ್ತಿ. ಆ ನಷ್ಟ ಒಪ್ಪಿಗೆ ಅಂತ ಬರ್ಕೊಟ್ಟು ಬಂದಿದೀನಿ. ನಿಮ್ಮ ಒಪ್ಪಿಗೆ ಕೇಳೋದು ಮಾತ್ರ ಬಾಕಿ."

"ಆ ಐದನ್ನ ಅಳಿಸಬೇಡಿ," ಎಂದಳು ಅವಳು. "ಅಪ್ಪನ್ನ ನಂಗೆ ವಾಪಸ್ ಕೊಟ್ಟಿದ್ದು ಅದು."

"ಅಳಿಸಲ್ಲ."

ಒಳಗೆ ಯಾರೋ ಆಟ ಶುರುಮಾಡಿದ್ದರು. ತೆರೆದ ಬಾಗಿಲಿನಿಂದ ಅಪ್ಪನ ಧ್ವನಿ ಬೀದಿಗೆ ಬಂತು. "ನಾಲ್ಕು… ಮೂರು… ಚೆಂಡು ಕೈಬಿಟ್ಟಿತು…" ಆಮೇಲೆ ಆ ಉಸಿರು. ಸೀಳಿದ, ನೋವಿನ, ಎದೆ ತುಂಬ ಎಳೆದುಕೊಂಡ ಉಸಿರು. ಒಳಗಿದ್ದವರೆಲ್ಲ ಸುಮ್ಮನಾದರು. ಅವನ ಕಣ್ಣಲ್ಲಿ ನೀರು ನಿಂತಿತು; ಹನ್ನೊಂದು ವರ್ಷದ ಹುಡುಗನಂತೆ ಅವನು ಉಸಿರು ಹಿಡಿದುಕೊಂಡಿದ್ದನು.

"ಬಿತ್ತೂ!"

ಅಂಗಡಿ ಕುಣಿಯಿತು. ಮೆಟ್ಟಿಲ ಮೇಲೆ ಇಬ್ಬರೂ ಅಲುಗಲಿಲ್ಲ.

"ಏನಾದ್ರೂ ಹೇಳಿ," ಎಂದನು ಅವನು. "ಹೂಂ ಅಂತಾನೋ, ಉಹೂಂ ಅಂತಾನೋ… ನನ್ನ ಜೀವ ಬಾಯಿಗೆ ಬಂದಿದೆ."

ಅವಳು ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಇರಿ," ಎಂದಳು. "ಸ್ವಲ್ಪ ಉಸಿರು ತಗೋತೀನಿ."